ಉಪ್ಪು ಹೋದತ್ತ ನೀರು

ನಮ್ಮ ಎರಡು ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸಿ ತೆಗೆಯುತ್ತವೆ. ಆ ದ್ರವದಲ್ಲಿ ಕರಗಿರುವ ಉಪ್ಪನ್ನೆಲ್ಲ ಕೂಡಿಸಿ ತೂಗಿದರೆ ಹೆಚ್ಚುಕಡಿಮೆ ಒಂದೂವರೆ ಕಿಲೋ ಬರುತ್ತದೆ. ನಾಲ್ಕು ಜನರ ಸಂಸಾರಕ್ಕೆ ತಿಂಗಳಿಡೀ ಅಡುಗೆಗೆ ಸಾಲುವಷ್ಟು ಉಪ್ಪು ಅದು. ನಾವು ದಿನವೆಲ್ಲ ಉಂಡು ಒಳಗಿಳಿಸುವ ಉಪ್ಪು ಇದರ ನೂರನೇ ಒಂದು ಪಾಲೂ ಆಗುವುದಿಲ್ಲ. ಹಾಗಾದರೆ ಇಷ್ಟೊಂದು ಉಪ್ಪು ಎಲ್ಲಿಂದ ಬಂತು? ಹೊಸದಾಗಿ ಏನೂ ಬಂದಿಲ್ಲ. ರಕ್ತದ ದ್ರವಭಾಗ ಇರುವುದೇ ಮೂರು ಲೀಟರಿನಷ್ಟು. ಅದೇ ಮೂರು ಲೀಟರ್ ದಿನಕ್ಕೆ ಅರವತ್ತು ಸಲ ಸೋಸುವಿಕೆಗೆ ಒಳಗಾಗುತ್ತದೆ. ಅದೇ ಉಪ್ಪು ಮತ್ತೆ ಮತ್ತೆ ಹೊರಬಿದ್ದು ಮತ್ತೆ ಮತ್ತೆ ರಕ್ತ ಸೇರುತ್ತದೆ. ಹೊರಬಿದ್ದದ್ದರಲ್ಲಿ ನೂರಕ್ಕೆ 99ಕ್ಕೂ ಹೆಚ್ಚು ಪಾಲನ್ನು ಮೂತ್ರಪಿಂಡ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಅದು ಬಳಸುವ ಆಮ್ಲಜನಕದ ಬಹುಪಾಲು ಈ ಒಂದೇ ಕೆಲಸಕ್ಕೆ ಖರ್ಚಾಗುತ್ತದೆ.

ಅಡುಗೆಮನೆಯ ಡಬ್ಬಿಯಲ್ಲಿ ಅಗ್ಗವಾಗಿ ಬಿದ್ದಿರುವ ವಸ್ತುವನ್ನು ದೇಹ ಇಷ್ಟು ಜತನದಿಂದ ಕಾಯುವುದೇಕೆ? ಕಾರಣ ನೀರಿನಲ್ಲಿದೆ. ಎಪ್ಪತ್ತು ಕಿಲೋ ತೂಕದ ಗಂಡಸಿನ ಮೈಯಲ್ಲಿ 42 ಲೀಟರಿನಷ್ಟು ನೀರಿರುತ್ತದೆ. ಮೂರರಲ್ಲಿ ಎರಡು ಪಾಲು ಜೀವಕೋಶಗಳ ಒಳಗೆ, ಒಂದು ಪಾಲು ಹೊರಗೆ. ಈ ನೀರನ್ನು ಅತ್ತಿಂದಿತ್ತ ದೂಡುವ ಪಂಪು ನಮ್ಮ ದೇಹದಲ್ಲಿ ಎಲ್ಲೂ ಇಲ್ಲ. ಇರುವುದು ಉಪ್ಪಿನ ಪಂಪು. ಉಪ್ಪಿನ ಅಂಶವಾದ ಸೋಡಿಯಂ ಎಲ್ಲಿ ಹೆಚ್ಚಾಗಿ ನೆರೆಯುತ್ತದೋ ಅಲ್ಲಿಗೆ ನೀರು ತಾನಾಗಿ ಹರಿದು ಬರುತ್ತದೆ. ಉಪ್ಪಿನಕಾಯಿ ಹಾಕುವವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಮಾವಿನ ಹೋಳಿಗೆ ಉಪ್ಪು ಬೆರೆಸಿ ಭರಣಿಯಲ್ಲಿಟ್ಟರೆ ಮರುದಿನಕ್ಕೆ ಹೋಳು ಮುರುಟಿ, ನೀರು ಬಿಟ್ಟಿರುತ್ತದೆ. ಹೋಳಿನೊಳಗಿನ ನೀರನ್ನು ಹೊರಗಿನ ಉಪ್ಪು ಸೆಳೆದುಕೊಂಡಿತು, ಅಷ್ಟೇ. ನಮ್ಮ ಕರುಳು, ಮೂತ್ರಪಿಂಡ, ಬೆವರಿನ ಗ್ರಂಥಿ ಎಲ್ಲವೂ ನಡೆಯುವುದು ಈ ನಿಯಮದ ಮೇಲೆಯೇ: ನೀರನ್ನು ಸಾಗಿಸಬೇಕೆಂದರೆ ಮೊದಲು ಉಪ್ಪನ್ನು ಸಾಗಿಸು.

ಈ ಪಂಪನ್ನು ಗುರುತಿಸಿದವರು ಡೆನ್ಮಾರ್ಕಿನ ಜೆನ್ಸ್ ಸ್ಕೌ. ಏಡಿಯ ನರಗಳ ಮೇಲೆ ಪ್ರಯೋಗ ನಡೆಸುತ್ತಿದ್ದ ಅವರು 1957ರಲ್ಲಿ ಜೀವಕೋಶದ ಪೊರೆಯಲ್ಲಿ ಒಂದು ಕಿಣ್ವವನ್ನು ಕಂಡರು. ಅದು ಮೂರು ಸೋಡಿಯಂ ಕಣಗಳನ್ನು ಕೋಶದ ಹೊರಕ್ಕೆ ತಳ್ಳಿ ಎರಡು ಪೊಟ್ಯಾಶಿಯಂ ಕಣಗಳನ್ನು ಒಳಕ್ಕೆ ತರುತ್ತದೆ, ಎಡೆಬಿಡದೆ. ಹೀಗಾಗಿಯೇ ಕೋಶದ ಹೊರಗಿನ ದ್ರವಕ್ಕೆ ಸೋಡಿಯಂ ಒಡತಿ, ಒಳಗಿನದಕ್ಕೆ ಪೊಟ್ಯಾಶಿಯಂ ಒಡತಿ. ನಾಲ್ಕು ದಶಕಗಳ ಬಳಿಕ, 1997ರಲ್ಲಿ, ಸ್ಕೌ ಅವರಿಗೆ ರಸಾಯನ ವಿಜ್ಞಾನದ ನೊಬೆಲ್ ಬಂತು.

ಉಪ್ಪಿಲ್ಲದೆ ಬರೀ ನೀರು ಕುಡಿದರೆ ದೇಹದಲ್ಲಿ ನೀರು ನಿಲ್ಲುತ್ತದೆಯೇ? ಲಂಡನ್ನಿನಲ್ಲಿ 1930ರ ದಶಕದಲ್ಲಿ ಆರ್. ಎ. ಮ್ಯಾಕ್‌ಕ್ಯಾನ್ಸ್ ಎಂಬ ವೈದ್ಯವಿಜ್ಞಾನಿ ತನ್ನನ್ನೂ ಕೆಲವು ಸ್ವಯಂಸೇವಕರನ್ನೂ ಪ್ರಯೋಗಕ್ಕೆ ಒಡ್ಡಿ ಇದನ್ನು ನೋಡಿದರು. ಉಪ್ಪು ತೆಗೆದ ಊಟ. ಜೊತೆಗೆ ದಿನವೂ ಬಿಸಿಯಲ್ಲಿ ಮಲಗಿ ಬೆವರು ಹರಿಸುವುದು. ನೀರಿಗೆ ಮಾತ್ರ ಮಿತಿಯಿರಲಿಲ್ಲ, ಬೇಕಾದಷ್ಟು ಕುಡಿಯಬಹುದಿತ್ತು. ಆದರೂ ಅವರ ತೂಕ ಇಳಿಯತೊಡಗಿತು. ಬೆವರಿನೊಂದಿಗೆ ಉಪ್ಪು ಹೋದಂತೆ ಅದರ ಪಾಲಿನ ನೀರೂ ಹೊರಟುಹೋಗುತ್ತಿತ್ತು, ಕುಡಿದದ್ದು ಮೂತ್ರವಾಗಿ ಸಾಗುತ್ತಿತ್ತು. ಸ್ನಾಯುಗಳು ಹಿಡಿದುಕೊಂಡವು, ಊಟ ರುಚಿಗೆಟ್ಟಿತು, ಸಣ್ಣ ಕೆಲಸಕ್ಕೂ ಆಯಾಸ. ಮತ್ತೆ ಉಪ್ಪು ತಿಂದ ಮೇಲೆ ಚೇತರಿಕೆ ಬಹುಬೇಗ ಆಯಿತು. ಇಂದು ‘ದಿನಕ್ಕೆ ಇಷ್ಟು ಲೀಟರ್ ನೀರು ಕುಡಿಯಿರಿ’ ಎಂದು ಸಿಕ್ಕವರಿಗೆಲ್ಲ ಉಪದೇಶಿಸುವವರು ಈ ಹಳೆಯ ಪ್ರಯೋಗವನ್ನೊಮ್ಮೆ ಓದಬೇಕು. ಮೈಯಲ್ಲಿ ಎಷ್ಟು ನೀರು ನಿಲ್ಲಬೇಕೆಂದು ತೀರ್ಮಾನಿಸುವುದು ಲೋಟಗಳ ಲೆಕ್ಕವಲ್ಲ, ಅಲ್ಲಿರುವ ಸೋಡಿಯಂ.

ದೇಹ ಇದಕ್ಕೆ ಎರಡು ಕಾವಲು ಇಟ್ಟಿದೆ. ಒಂದು ಮಿದುಳಿನ ಹೈಪೊಥಲಾಮಸ್‌ನಲ್ಲಿ. ರಕ್ತದಲ್ಲಿ ಸೋಡಿಯಂ ಲೀಟರಿಗೆ 135ರಿಂದ 145 ಮಿಲಿಮೋಲ್ ಒಳಗೇ ಇರಬೇಕು. ರಕ್ತದ ಸಾಂದ್ರತೆ ನೂರಕ್ಕೆ ಒಂದೆರಡು ಪಾಲು ಏರಿದರೂ ಬಾಯಾರಿಕೆ ಹುಟ್ಟುತ್ತದೆ, ಮೂತ್ರವನ್ನು ಗಟ್ಟಿ ಮಾಡುವಂತೆ ಮೂತ್ರಪಿಂಡಕ್ಕೆ ಹಾರ್ಮೋನಿನ ಆಜ್ಞೆ ಹೋಗುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬ ಗಾದೆ ಶರೀರವಿಜ್ಞಾನದಲ್ಲಿ ಅಕ್ಷರಶಃ ನಿಜ. ಎರಡನೆಯ ಕಾವಲು ರಕ್ತದ ಒತ್ತಡವನ್ನು ನೋಡಿಕೊಳ್ಳುತ್ತದೆ. ಒತ್ತಡ ಇಳಿದರೆ ಮೂತ್ರಪಿಂಡ ರೆನಿನ್ ಸ್ರವಿಸುತ್ತದೆ. ಅದರಿಂದ ಮೊದಲಾಗುವ ಸರಪಣಿಯ ಕೊನೆಯಲ್ಲಿ ಆಲ್ಡೊಸ್ಟಿರೋನ್ ಹುಟ್ಟಿ, ಮೂತ್ರ, ಬೆವರು, ಮಲ ಎಲ್ಲದರಿಂದಲೂ ಉಪ್ಪನ್ನು ಹಿಂದಕ್ಕೆ ಹೀರುವಂತೆ ಮಾಡುತ್ತದೆ.

ಈ ಕಾವಲಿಗೂ ಮಿತಿಯಿದೆ. ಸಮುದ್ರದ ನೀರಿನಲ್ಲಿ ಲೀಟರಿಗೆ 35 ಗ್ರಾಂನಷ್ಟು ಲವಣವಿದೆ. ಅಷ್ಟು ಉಪ್ಪಾದ ಮೂತ್ರವನ್ನು ನಮ್ಮ ಮೂತ್ರಪಿಂಡ ತಯಾರಿಸಲಾರದು. ಒಂದು ಲೀಟರ್ ಕಡಲ ನೀರು ಕುಡಿದವನು ಅದರ ಉಪ್ಪನ್ನು ಹೊರಹಾಕಲು ಒಂದು ಲೀಟರಿಗಿಂತ ಹೆಚ್ಚು ನೀರು ಕಳೆದುಕೊಳ್ಳಬೇಕಾಗುತ್ತದೆ. ನಡುಗಡಲಲ್ಲಿ ಸಿಕ್ಕಿಬಿದ್ದವರು ಸುತ್ತ ನೀರಿದ್ದೂ ಬಾಯಾರಿ ಸಾಯುವುದು ಇದಕ್ಕೇ.

ಇನ್ನು ಕಾಲರಾ. ಉಪ್ಪು ಮತ್ತು ನೀರಿನ ನಂಟನ್ನು ಮನುಷ್ಯ ಪೂರ್ತಿಯಾಗಿ ಕಲಿತದ್ದು ಈ ರೋಗದ ಕೈಯಲ್ಲಿ, ಕೋಟ್ಯಂತರ ಸಾವುಗಳ ಬೆಲೆ ತೆತ್ತು. ಬೆಳಿಗ್ಗೆ ಆರೋಗ್ಯವಾಗಿದ್ದವರು ಸಂಜೆಯೊಳಗೆ ತೀರಿಕೊಳ್ಳುವಂತೆ ಮಾಡಬಲ್ಲ ರೋಗ ಅದು. ರೋಗಾಣು ಕರುಳಿನ ಗೋಡೆಯನ್ನು ಕೊರೆಯುತ್ತದೆ, ರಕ್ತದಲ್ಲಿ ಸೇರಿ ಕೊಲ್ಲುತ್ತದೆ ಎಂದೆಲ್ಲ ಬಹುಕಾಲ ಊಹಿಸಿದ್ದರು. ಕಲ್ಕತ್ತೆಯ ಶಂಭುನಾಥ ಡೇ 1959ರಲ್ಲಿ ನಿಜ ಸಂಗತಿಯನ್ನು ತೋರಿಸಿಕೊಟ್ಟರು. ರೋಗಾಣುಗಳನ್ನು ಪೂರ್ತಿ ಸೋಸಿ ತೆಗೆದ ದ್ರವವನ್ನು ಮೊಲದ ಕರುಳಿಗೆ ಹಾಕಿದರೂ ಕರುಳು ನೀರು ತುಂಬಿ ಉಬ್ಬಿತು. ರೋಗಾಣು ಸ್ರವಿಸುವ ವಿಷವೊಂದೇ ಇದಕ್ಕೆ ಸಾಕಿತ್ತು. ಇಷ್ಟು ದೊಡ್ಡ ಶೋಧಕ್ಕೆ ಅವರ ಜೀವಿತಕಾಲದಲ್ಲಿ ತಾಯ್ನಾಡಿನಲ್ಲಿ ಸಿಗಬೇಕಾದ ಗೌರವ ಸಿಗಲಿಲ್ಲ. ಈಗ ಅವರ ಹೆಸರನ್ನು ನಮ್ಮ ಶಾಲಾ ಪುಸ್ತಕಗಳಲ್ಲಾದರೂ ಬರೆಯಬೇಕು.

ಆ ವಿಷ ಮಾಡುವುದಿಷ್ಟು: ಕರುಳಿನ ಕೋಶಗಳಲ್ಲಿ ಕ್ಲೋರೈಡ್ ಹೊರಬಿಡುವ ದ್ವಾರಗಳನ್ನು ತೆರೆದು ಹಾಗೆಯೇ ಇರಿಸುತ್ತದೆ. ಕ್ಲೋರೈಡಿನ ಹಿಂದೆ ಸೋಡಿಯಂ, ಸೋಡಿಯಂ ಹಿಂದೆ ನೀರು. ಜೋರಾದ ಕಾಲರಾದಲ್ಲಿ ಗಂಟೆಗೆ ಒಂದು ಲೀಟರಿನವರೆಗೂ ನೀರು ಮೈಯಿಂದ ಹೋಗಬಹುದು. ಮಲ ಅಕ್ಕಿ ತೊಳೆದ ನೀರಿನಂತೆ ತೆಳ್ಳಗಾಗುತ್ತದೆ. ಕಣ್ಣು ಗುಳಿ ಬೀಳುತ್ತದೆ, ಚರ್ಮ ಚಿವುಟಿದರೆ ಮಡಿಕೆ ಹಾಗೇ ನಿಲ್ಲುತ್ತದೆ, ನಾಡಿ ಸಿಗುವುದಿಲ್ಲ. ರಕ್ತ ಗಟ್ಟಿಯಾಗಿ ಸಾಗದಾಗುತ್ತದೆ.

ಇದನ್ನು 1831ರಲ್ಲೇ ಒಬ್ಬ ಯುವ ವೈದ್ಯ ಕಂಡುಕೊಂಡಿದ್ದ. ಬ್ರಿಟನ್ನಿಗೆ ಕಾಲರಾ ಕಾಲಿಟ್ಟಾಗ ವಿಲಿಯಂ ಬ್ರೂಕ್ ಓಶಾನೆಸಿ ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣಗಳೂ ಕಡಿಮೆಯಾಗಿವೆ, ಅವನ್ನು ಮರಳಿ ತುಂಬಬೇಕು ಎಂದು ಬರೆದ. ಮರುವರ್ಷ ಸ್ಕಾಟ್ಲೆಂಡಿನ ಲೀತ್‌ನಲ್ಲಿ ಥಾಮಸ್ ಲ್ಯಾಟಾ ಸಾಯುವ ಸ್ಥಿತಿಯಲ್ಲಿದ್ದ ರೋಗಿಗಳ ಅಭಿಧಮನಿಗೆ ಉಪ್ಪುನೀರು ಹರಿಸಿದ. ಕೆಲವರು ಎದ್ದು ಕುಳಿತರು. ಆದರೆ ಆ ಕಾಲದಲ್ಲಿ ಕಾಲರಾ ರೋಗಿಯ ರಕ್ತ ಬಸಿಯುವುದು, ಭೇದಿಯ ಔಷಧ ಕೊಡುವುದು ಚಿಕಿತ್ಸೆ ಎನಿಸಿಕೊಂಡಿತ್ತು; ಲ್ಯಾಟಾನ ವಿಧಾನವನ್ನು ವೈದ್ಯಲೋಕ ಮರೆತುಬಿಟ್ಟಿತು. ಓಶಾನೆಸಿ ಕಲ್ಕತ್ತೆಗೆ ಬಂದು ಮುಂದೆ ಭಾರತದಲ್ಲಿ ತಂತಿ ಸಂಪರ್ಕದ ಕಂಬಗಳನ್ನು ನೆಡಿಸಿದ. ನಮ್ಮ ಆಸ್ಪತ್ರೆಗಳಲ್ಲಿ ಇಂದು ತೂಗುವ ಸಲೈನ್ ಬಾಟಲಿಯ ಹಿಂದೆ ಇವರಿಬ್ಬರಿದ್ದಾರೆ. ಲೀಟರಿಗೆ 9 ಗ್ರಾಂ ಉಪ್ಪು ಬೆರೆಸಿದ ಶುದ್ಧ ನೀರು, ಅದರಲ್ಲಿರುವುದು ಅಷ್ಟೇ.

ಸಲೈನಿನಿಂದ ಜೀವ ಉಳಿಯುತ್ತದೆ ನಿಜ. ಆದರೆ ಅದಕ್ಕೆ ಸೂಜಿ ಬೇಕು, ರೋಗಾಣುರಹಿತ ಬಾಟಲಿ ಬೇಕು, ಬತ್ತಿದ ನರ ಹುಡುಕಬಲ್ಲ ಕೈ ಬೇಕು. ಕಾಲರಾ ಹಬ್ಬುವ ಊರುಗಳಲ್ಲಿ ಇಲ್ಲದಿರುವುದೇ ಇವು. ಹಾಗಿದ್ದರೆ ಉಪ್ಪುನೀರನ್ನು ಕುಡಿಸಿಬಿಡಬಾರದೇಕೆ? ಕುಡಿಸಿ ನೋಡಿದರು, ಆಗಲಿಲ್ಲ. ಬರೀ ಉಪ್ಪುನೀರು ಕರುಳಿನಲ್ಲಿ ಹೀರಿಕೆಯಾಗದೆ ಭೇದಿಯಾಗಿಯೇ ಹೋಗುತ್ತಿತ್ತು.

ಉತ್ತರ ಸಕ್ಕರೆಯಲ್ಲಿತ್ತು. ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿ 1953ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಒಂದು ವರದಿ ಪ್ರಕಟಿಸಿದರು. ಒಂದು ಲೀಟರ್ ನೀರಿಗೆ 4 ಗ್ರಾಂ ಉಪ್ಪು, 25 ಗ್ರಾಂ ಗ್ಲೂಕೋಸ್ ಬೆರೆಸಿ, ರೋಗ ವಿಪರೀತಕ್ಕೆ ಹೋಗದ 186 ಕಾಲರಾ ರೋಗಿಗಳಿಗೆ ಕುಡಿಸಿದ್ದರು. ವಾಂತಿ ನಿಲ್ಲಿಸಲು ಅವರು ಬಳಸಿದ್ದು ಒಂದು ಎಲೆಯ ರಸ. ನಮ್ಮ ಹಿತ್ತಿಲಲ್ಲಿ ಬೆಳೆಯುವ ದೊಡ್ಡಪತ್ರೆಯೇ ಅದು. ರೋಗಿಗಳು ಬದುಕಿದರು. ಆದರೆ ಒಳಗೆ ಹೋದ ದ್ರವವೆಷ್ಟು, ಹೊರಬಂದದ್ದೆಷ್ಟು ಎಂಬ ಅಳತೆ ಆ ವರದಿಯಲ್ಲಿರಲಿಲ್ಲ. ಪಾಶ್ಚಾತ್ಯ ವೈದ್ಯರು ಅದಕ್ಕೆ ಗಮನ ಕೊಡಲಿಲ್ಲ.

ಏಳು ವರ್ಷ ಕಳೆದು, 1960ರ ಆಗಸ್ಟಿನಲ್ಲಿ, ಪ್ರಾಗ್ ನಗರದ ವಿಚಾರಗೋಷ್ಠಿಯೊಂದರಲ್ಲಿ ಅಮೆರಿಕದ ಜೀವರಸಾಯನ ವಿಜ್ಞಾನಿ ರಾಬರ್ಟ್ ಕ್ರೇನ್ ಹೊಸ ವಿವರಣೆ ಮುಂದಿಟ್ಟರು. ಸಣ್ಣಕರುಳಿನ ಕೋಶಗಳು ಗ್ಲೂಕೋಸನ್ನು ಒಂಟಿಯಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ, ಸೋಡಿಯಂ ಜೊತೆಗಿದ್ದರೆ ಮಾತ್ರ ಎರಡನ್ನೂ ಕೂಡಿಯೇ ಸೆಳೆದುಕೊಳ್ಳುತ್ತವೆ ಎಂಬುದು ಅವರ ವಾದ. ಈ ಕೆಲಸ ಮಾಡುವ ಪ್ರೋಟೀನಿಗೆ ಈಗ ಎಸ್‌ಜಿಎಲ್‌ಟಿ–1 ಎಂದು ಹೆಸರು. ಒಂದು ಗ್ಲೂಕೋಸಿಗೆ ಎರಡು ಸೋಡಿಯಂ, ಇದು ಅದರ ಪ್ರಮಾಣ. ಕೋಶದ ಹಿಂಬದಿಯಲ್ಲಿ ಸ್ಕೌ ಕಂಡ ಪಂಪು ಸೋಡಿಯಂ ಅನ್ನು ರಕ್ತದ ಕಡೆಗೆ ದಾಟಿಸುತ್ತಿರುತ್ತದೆ, ಆದ್ದರಿಂದ ಮುಂಬದಿಯಲ್ಲಿ ಸೋಡಿಯಂಗೆ ಸದಾ ಜಾಗವಿರುತ್ತದೆ. ಸೋಡಿಯಂ ಒಳಬಂದರೆ ಹಿಂದೆಯೇ ನೀರು. ಎಲ್ಲಕ್ಕಿಂತ ಮುಖ್ಯವಾದದ್ದು ಇದು: ಕಾಲರಾದ ವಿಷ ಕ್ಲೋರೈಡಿನ ದ್ವಾರವನ್ನು ಕೆಡಿಸುತ್ತದೆ, ಉಪ್ಪು ಹೀರುವ ಇತರ ದಾರಿಗಳನ್ನೂ ಕುಂಠಿತಗೊಳಿಸುತ್ತದೆ, ಆದರೆ ಈ ಜೋಡಿ ದಾರಿಯನ್ನು ಮುಟ್ಟುವುದಿಲ್ಲ. ಭೇದಿ ಎಷ್ಟೇ ಜೋರಾಗಿರಲಿ, ಸಕ್ಕರೆ ಬೆರೆತ ಉಪ್ಪುನೀರಿಗೆ ಕರುಳಿನ ಬಾಗಿಲು ತೆರೆದೇ ಇರುತ್ತದೆ.

ತತ್ತ್ವ ತಿಳಿದದ್ದೇ ಸಾಕಾಗಲಿಲ್ಲ. ಅಮೆರಿಕ ನೌಕಾಪಡೆಯ ವೈದ್ಯ ರಾಬರ್ಟ್ ಫಿಲಿಪ್ಸ್ 1962ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ ಪ್ರಯತ್ನಿಸಿದಾಗ ದ್ರಾವಣ ತೀರಾ ಗಟ್ಟಿಯಾಗಿತ್ತು. ಐವರು ರೋಗಿಗಳು ತೀರಿಕೊಂಡರು. ಅಳತೆ ತಪ್ಪಿದ ಉಪ್ಪು ಮದ್ದಾಗುವುದಿಲ್ಲ. ಸರಿಯಾದ ದಾರಿ ಹಿಡಿದವರು ಢಾಕಾದ ಕಾಲರಾ ಸಂಶೋಧನಾಲಯದಲ್ಲಿದ್ದ ಡೇವಿಡ್ ನೇಲಿನ್ ಮತ್ತು ರಿಚರ್ಡ್ ಕ್ಯಾಶ್. ಇಬ್ಬರಿಗೂ ಇನ್ನೂ ಮೂವತ್ತು ದಾಟಿರಲಿಲ್ಲ. ನಡುವೆ ತೂತಿರುವ ಮಂಚದ ಕೆಳಗೆ ಬಕೆಟ್ ಇಟ್ಟು, ರೋಗಿ ಕಳೆದುಕೊಂಡ ದ್ರವವನ್ನು ಅಳೆದು, ಅಷ್ಟನ್ನೇ ಮತ್ತೆ ಕುಡಿಸಿದರು. ಅವರ ವರದಿ 1968ರ ಲ್ಯಾನ್ಸೆಟ್‌ನಲ್ಲಿ ಬಂತು. ಪ್ರಯೋಗಕ್ಕೊಳಗಾದವರು 29 ಮಂದಿ; ಸಲೈನ್ ಬಾಟಲಿಗಳ ಅಗತ್ಯ ನೂರಕ್ಕೆ 80ರಷ್ಟು ತಗ್ಗಿತ್ತು. ಕಲ್ಕತ್ತೆಯಲ್ಲೂ ಅದೇ ಕಾಲಕ್ಕೆ ನಥಾನಿಯಲ್ ಪಿಯರ್ಸ್ ಮತ್ತು ಸಂಗಡಿಗರು ಇದೇ ಕೆಲಸದಲ್ಲಿದ್ದರು. ಇಷ್ಟಾದರೂ ಇದು ಆಸ್ಪತ್ರೆಯೊಳಗೆ, ತಜ್ಞರ ಕಣ್ಗಾವಲಿನಲ್ಲಿ ಮಾತ್ರ ನಡೆಯಬೇಕಾದ ಚಿಕಿತ್ಸೆ ಎಂದೇ ಎಲ್ಲರ ನಂಬಿಕೆಯಾಗಿತ್ತು.

ಆ ನಂಬಿಕೆ ಮುರಿದದ್ದು ಬನಗಾಂವ್‌ನಲ್ಲಿ. 1971ರಲ್ಲಿ ಪೂರ್ವ ಪಾಕಿಸ್ತಾನದ ಯುದ್ಧದಿಂದ ತಪ್ಪಿಸಿಕೊಂಡು ಒಂದು ಕೋಟಿಯಷ್ಟು ಜನ ಭಾರತಕ್ಕೆ ಬಂದರು. ಗಡಿಯಂಚಿನ ಆ ಊರಿನ ಆಸ್ಪತ್ರೆಯಲ್ಲಿ ಕಾಲರಾ ರೋಗಿಗಳಿಗಿದ್ದದ್ದು ಹದಿನಾರು ಹಾಸಿಗೆ. ಜೂನ್ ಕೊನೆಯಲ್ಲಿ ಅಲ್ಲಿಗೆ ತಲುಪಿದ ಕಲ್ಕತ್ತೆಯ ಮಕ್ಕಳ ವೈದ್ಯ ದಿಲೀಪ್ ಮಹಲನಾಬಿಸ್ ಕಂಡದ್ದು ನೆಲದ ತುಂಬ ಮಲಗಿದ್ದ ರೋಗಿಗಳನ್ನು. ಸಲೈನ್ ಹಾಕಬೇಕೆಂದರೆ ವಾಂತಿ ಭೇದಿಯ ಆ ಹೊಲಸಿನಲ್ಲೇ ಮೊಣಕಾಲೂರಿ ಕೂರಬೇಕಿತ್ತು. ಎರಡೇ ದಿನಗಳಲ್ಲಿ ಅವರಿಗೆ ತಿಳಿದುಹೋಯಿತು, ಬಾಟಲಿಗಳು ಮುಗಿಯುತ್ತಿವೆ, ಸೂಜಿ ಹಾಕಬಲ್ಲವರು ತಂಡದಲ್ಲಿ ಇಬ್ಬರೇ ಇದ್ದಾರೆ, ಈ ಹೋರಾಟದಲ್ಲಿ ತಾವು ಸೋಲುತ್ತಿದ್ದೇವೆ ಎಂದು.

ಬೇರೆ ದಾರಿಯಿರಲಿಲ್ಲ. ಕಲ್ಕತ್ತೆಯ ತಮ್ಮ ಸಂಶೋಧನಾ ಕೇಂದ್ರದ ಗ್ರಂಥಾಲಯದ ಕೋಣೆಯನ್ನೇ ಕಾರ್ಖಾನೆ ಮಾಡಿಕೊಂಡರು. ಲೀಟರಿಗೆ 22 ಗ್ರಾಂ ಗ್ಲೂಕೋಸ್, ಮೂರೂವರೆ ಗ್ರಾಂ ಅಡುಗೆ ಉಪ್ಪು, ಎರಡೂವರೆ ಗ್ರಾಂ ಅಡುಗೆ ಸೋಡಾದ ಲೆಕ್ಕದಲ್ಲಿ ತೂಗಿ ಪ್ಲಾಸ್ಟಿಕ್ ಚೀಲಗಳಲ್ಲಿ ತುಂಬಿ ಗಡಿಗೆ ಕಳಿಸಿದರು. ಅಲ್ಲಿ ನಲ್ಲಿಯಿರುವ ಡ್ರಮ್ಮುಗಳಲ್ಲಿ ನೀರಿಗೆ ಬೆರೆಸಿಟ್ಟರು. ರೋಗಿಯ ಅಮ್ಮ, ಅಣ್ಣ, ಗಂಡ, ಹೆಂಡತಿ, ಯಾರು ಜೊತೆಗಿದ್ದರೋ ಅವರೇ ಲೋಟದಲ್ಲಿ ಹಿಡಿದು ಕುಡಿಸುತ್ತ ಕೂತರು. ಜನ ಇದನ್ನು ‘ಬಾಯಿಯ ಸಲೈನ್’ ಎಂದು ಒಪ್ಪಿಕೊಂಡರು. ಸಲೈನಿಗೆ ಇದ್ದ ಗೌರವ ಇದಕ್ಕೂ ದಕ್ಕಿತು. ಒಂದು ಲೀಟರಿಗೆ ತಗುಲಿದ ಖರ್ಚು 11 ಪೈಸೆ. ಅಲ್ಲಿ ಮೊದಲು ನೂರಕ್ಕೆ ಮೂವತ್ತರಷ್ಟಿದ್ದ ಸಾವು, ಈ ಚಿಕಿತ್ಸೆ ಪಡೆದವರಲ್ಲಿ 3.6ಕ್ಕೆ ಇಳಿಯಿತು. ಬೆರೆಸುವ ವಿಧಾನವನ್ನು ಕರಪತ್ರಗಳಲ್ಲಿ ಅಚ್ಚು ಹಾಕಿಸಿ ಗಡಿಯುದ್ದಕ್ಕೂ ಹಂಚಿದರು, ಬಾಂಗ್ಲಾ ಹೋರಾಟಗಾರರ ಗುಪ್ತ ರೇಡಿಯೊ ಕೂಡ ಅದನ್ನು ಬಿತ್ತರಿಸಿತು. ಮಹಲನಾಬಿಸ್ ಅವರು 2022ರಲ್ಲಿ ತೀರಿಕೊಂಡರು. ಮರುವರ್ಷ, ಮರಣೋತ್ತರವಾಗಿ, ಪದ್ಮವಿಭೂಷಣ ಬಂತು. ಬದುಕಿದ್ದಾಗಲೇ ಬರಬೇಕಿತ್ತು. ಅಷ್ಟು ಹೊತ್ತಿಗೆ ಅವರ ಕೆಲಸಕ್ಕೆ ಐವತ್ತು ವರ್ಷ ತುಂಬಿತ್ತು.

ವಿಜ್ಞಾನ ಒಂದು ಹಂತಕ್ಕೆ ಬಂದು ನಿಂತ ಮೇಲೆ ಅದನ್ನು ಮನೆಮನೆಗೆ ಒಯ್ದವರ ಕತೆಯೂ ಅಷ್ಟೇ ದೊಡ್ಡದು. ಬಾಂಗ್ಲಾದೇಶದ ಬ್ರ್ಯಾಕ್ ಸಂಸ್ಥೆಯ ಕಾರ್ಯಕರ್ತೆಯರು 1980ರಿಂದ ಹತ್ತು ವರ್ಷ ಹಳ್ಳಿ ಹಳ್ಳಿ ತಿರುಗಿ, ಒಂದು ಕೋಟಿಗೂ ಮೀರಿದ ಮನೆಗಳಲ್ಲಿ ತಾಯಂದಿರಿಗೆ ‘ಲೋಬೊನ್ ಗುಡ್’ ಮಾಡುವುದನ್ನು ಕಲಿಸಿದರು. ಮೂರು ಬೆರಳಿನ ಚಿಟಿಕೆ ಉಪ್ಪು, ಒಂದು ಹಿಡಿ ಬೆಲ್ಲ, ಅರ್ಧ ಸೇರು ನೀರು. ತೂಕದ ತಕ್ಕಡಿಯಿಲ್ಲದ ಮನೆಗೆ ಬೆರಳೇ ಅಳತೆ. ಕಾರ್ಯಕರ್ತೆಗೆ ಸಂಬಳ ಎಷ್ಟು ಮನೆ ತಿರುಗಿದಳು ಎಂಬುದರ ಮೇಲಿರಲಿಲ್ಲ. ಆಕೆ ಹೋಗಿ ವಾರಗಳಾದ ಮೇಲೆ ಪರೀಕ್ಷಕರು ಬಂದು, ಆ ತಾಯಿಗೆ ಎಷ್ಟು ನೆನಪಿದೆ, ಸರಿಯಾಗಿ ಬೆರೆಸಬಲ್ಲಳೇ ಎಂದು ನೋಡುತ್ತಿದ್ದರು. ಸಂಬಳ ಅದರ ಮೇಲೆ. ಕಲಿತ ತಾಯಂದಿರಲ್ಲೂ ಮೊದಮೊದಲು ಬಳಸುವವರು ಕಡಿಮೆಯೇ ಇದ್ದರು. ಮನೆಯ ಗಂಡಸರಿಗೂ ತಿಳಿಹೇಳತೊಡಗಿದ ಮೇಲೆ ಬಳಕೆ ಹೆಚ್ಚಿತು. ಯಾವ ದೇಶದ ಆರೋಗ್ಯ ಇಲಾಖೆಯೂ ಕಲಿಯಬೇಕಾದ ಪಾಠ ಇದು ಎಂದು ನನಗೆ ಬಲವಾಗಿ ಅನ್ನಿಸುತ್ತದೆ.

ಈ ಬಾಯಿಯ ಸಲೈನೇ ಇಂದಿನ ಓಆರ್‌ಎಸ್. ವಿಶ್ವ ಆರೋಗ್ಯ ಸಂಸ್ಥೆ 1975ರಲ್ಲಿ ಒಪ್ಪಿದ ಅದರ ಸೂತ್ರದಲ್ಲಿ ಲೀಟರಿಗೆ 90 ಮಿಲಿಮೋಲ್ ಸೋಡಿಯಂ, 111 ಮಿಲಿಮೋಲ್ ಗ್ಲೂಕೋಸ್ ಇತ್ತು. ಕಾಲರಾಕ್ಕೆ ಅದು ಸರಿ, ಮಕ್ಕಳ ಸಾಮಾನ್ಯ ಭೇದಿಗೆ ತುಸು ಗಟ್ಟಿ. 2002ರಲ್ಲಿ ಎರಡನ್ನೂ 75ಕ್ಕೆ ಇಳಿಸಿದರು. ಈಗಿನ ಪೊಟ್ಟಣದಲ್ಲಿ ಲೀಟರಿಗೆ 2.6 ಗ್ರಾಂ ಉಪ್ಪು, 13.5 ಗ್ರಾಂ ಗ್ಲೂಕೋಸ್, 1.5 ಗ್ರಾಂ ಪೊಟ್ಯಾಶಿಯಂ ಕ್ಲೋರೈಡ್, 2.9 ಗ್ರಾಂ ಸಿಟ್ರೇಟ್ ಇರುತ್ತದೆ. ದ್ರಾವಣ ತೆಳುವಾದಷ್ಟೂ ಕರುಳು ಅದನ್ನು ಸುಲಭವಾಗಿ ಹೀರುತ್ತದೆ, ವಾಂತಿಯೂ ಕಡಿಮೆ. ಅಕ್ಕಿಯ ಗಂಜಿಗೆ ಉಪ್ಪು ಹಾಕಿ ಕುಡಿಸುವ ನಮ್ಮ ಅಜ್ಜಿಯರ ಪದ್ಧತಿಗೂ ಇಲ್ಲೇ ಸಮರ್ಥನೆಯಿದೆ. ಪಿಷ್ಟ ಕರುಳಿನಲ್ಲಿ ಮೆಲ್ಲಮೆಲ್ಲಗೆ ಗ್ಲೂಕೋಸ್ ಆಗಿ ಒಡೆಯುವುದರಿಂದ ದ್ರಾವಣವನ್ನು ಗಟ್ಟಿ ಮಾಡದೆ ಸೋಡಿಯಂಗೆ ಜೊತೆ ಒದಗಿಸುತ್ತದೆ. ಅಕ್ಕಿಹಿಟ್ಟಿನ ಓಆರ್‌ಎಸ್ ಕಾಲರಾದಲ್ಲಿ ಭೇದಿಯ ಪ್ರಮಾಣವನ್ನೂ ತಗ್ಗಿಸುತ್ತದೆಂದು ಢಾಕಾದ ಪ್ರಯೋಗಗಳು ತೋರಿಸಿವೆ. ಆದರೆ ಭೇದಿಯಾದಾಗ ಹೊಟ್ಟೆ ಖಾಲಿ ಬಿಡಬೇಕು, ನೀರು ಕೊಟ್ಟರೆ ಹೆಚ್ಚಾಗುತ್ತದೆ ಎಂಬ ಮಾತಿಗೆ ಯಾವ ಆಧಾರವೂ ಇಲ್ಲ. ಎಷ್ಟೋ ಕೂಸುಗಳನ್ನು ಅದು ಬಲಿ ತೆಗೆದುಕೊಂಡಿದೆ.

ಐದು ವರ್ಷದೊಳಗಿನ ಮಕ್ಕಳಲ್ಲಿ ಭೇದಿಯಿಂದಾಗುವ ಸಾವು 1980ರ ಸುಮಾರಿಗೆ ಜಗತ್ತಿನಲ್ಲಿ ವರ್ಷಕ್ಕೆ 46 ಲಕ್ಷದಷ್ಟಿತ್ತು ಎಂದು ಅಂದಾಜು. ಈಗ ಐದು ಲಕ್ಷಕ್ಕಿಂತ ಕಡಿಮೆ. ಶುದ್ಧ ನೀರು, ಲಸಿಕೆ, ಒಳ್ಳೆಯ ಆಹಾರ ಇವೂ ಕಾರಣ, ಆದರೆ ಬಾಯಿಯ ಸಲೈನಿನ ಪಾಲು ದೊಡ್ಡದು. ಐದು ಲಕ್ಷ ಎಂಬುದು ಸಣ್ಣ ಸಂಖ್ಯೆಯೂ ಅಲ್ಲ. ನಮ್ಮ ದೇಶದಲ್ಲಿ ಭೇದಿಯಾದ ಮಕ್ಕಳಲ್ಲಿ ಓಆರ್‌ಎಸ್ ಸಿಗುವುದು ನೂರಕ್ಕೆ 61 ಮಕ್ಕಳಿಗೆ ಮಾತ್ರ ಎನ್ನುತ್ತದೆ ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಉಳಿದ 39 ಮಕ್ಕಳ ಮನೆಗಳಲ್ಲಿ ಉಪ್ಪೂ ಇದೆ, ಸಕ್ಕರೆಯೂ ಇದೆ.

ತೊಡಕು ಎಲ್ಲಿದೆ? ಒಂದು, ಸೂಜಿಯ ಮೇಲಿನ ನಮ್ಮ ಭಕ್ತಿ. ‘ಡಾಕ್ಟ್ರೇ, ಒಂದು ಗ್ಲೂಕೋಸ್ ಹಾಕಿಬಿಡಿ’ ಎಂಬ ಮಾತು ಕೇಳದ ಕ್ಲಿನಿಕ್ ನಮ್ಮ ರಾಜ್ಯದಲ್ಲಿ ಇರಲಾರದು. ಬಾಯಿಂದ ಕುಡಿಯಬಲ್ಲ, ಎಚ್ಚರವಾಗಿರುವ ರೋಗಿಗೆ ಬಾಟಲಿಯಿಂದ ಸಿಗುವ ಹೆಚ್ಚಿನ ಲಾಭ ಏನೂ ಇಲ್ಲ, ಸೋಂಕಿನ ಅಪಾಯ ಮತ್ತು ಬಿಲ್ಲು ಮಾತ್ರ ಹೆಚ್ಚು. ಎರಡು, ಹೆಸರಿನ ಮೋಸ. ಅಂಗಡಿಗಳಲ್ಲಿ ಹಣ್ಣಿನ ಚಿತ್ರವಿರುವ ಟೆಟ್ರಾ ಪ್ಯಾಕ್‌ಗಳ ಮೇಲೆ ಓಆರ್‌ಎಸ್ ಎಂಬ ಅಕ್ಷರಗಳನ್ನು ಸೇರಿಸಿ ಸಿಹಿನೀರು ಮಾರುತ್ತಿದ್ದರು. ಅದರಲ್ಲಿ ಸಕ್ಕರೆ ಅತಿಯಾಗಿ, ಸೋಡಿಯಂ ಕಡಿಮೆ. ಸಕ್ಕರೆ ಮಿತಿಮೀರಿದರೆ ಕರುಳು ನೀರನ್ನು ಒಳಗೆ ಬಿಡುವ ಬದಲು ಹೊರಕ್ಕೆ ಸೆಳೆಯುತ್ತದೆ, ಭೇದಿ ಹೆಚ್ಚುತ್ತದೆ. ಹೈದರಾಬಾದಿನ ಮಕ್ಕಳ ವೈದ್ಯೆಯೊಬ್ಬರು ವರ್ಷಗಟ್ಟಲೆ ಪಟ್ಟುಹಿಡಿದು ಹೋರಾಡಿದ ಬಳಿಕ, 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಇಂಥ ಪಾನೀಯಗಳ ಹೆಸರಿನಲ್ಲಿ ಓಆರ್‌ಎಸ್ ಪದ ಬಳಸಕೂಡದೆಂದು ಆದೇಶಿಸಿತು.

ಉಪ್ಪಿಲ್ಲದ ನೀರು ಅತಿಯಾದರೂ ಅಪಾಯವಿದೆ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ ರಕ್ತ ಪರೀಕ್ಷೆಗೆ ಒಪ್ಪಿದ 488 ಓಟಗಾರರಲ್ಲಿ ನೂರಕ್ಕೆ 13 ಮಂದಿಯ ಸೋಡಿಯಂ ಕೆಳಮಟ್ಟಕ್ಕೆ ಇಳಿದಿತ್ತು. ಹೀಗೆ ಸೋಡಿಯಂ ಇಳಿದವರಲ್ಲಿ ಹೆಚ್ಚಿನವರು ದಾರಿಯುದ್ದಕ್ಕೂ ಬೇಕಿದ್ದಕ್ಕಿಂತ ಹೆಚ್ಚು ಕುಡಿದಿದ್ದರು. ಓಟ ಮುಗಿದಾಗ ತೂಕ ಏರಿತ್ತು. ಹೊರಗಿನ ದ್ರವ ತೆಳುವಾದಾಗ ನೀರು ಕೋಶಗಳ ಒಳಗೆ ನುಗ್ಗುತ್ತದೆ. ಮಿದುಳಿನ ಕೋಶಗಳು ಊದಿಕೊಂಡರೆ ಅವಕ್ಕೆ ಬುರುಡೆಯೊಳಗೆ ಜಾಗವಿಲ್ಲ. ತಲೆನೋವು, ಗೊಂದಲ, ಅಪಸ್ಮಾರ, ಕೆಲವೊಮ್ಮೆ ಸಾವು. ಆರು ತಿಂಗಳೊಳಗಿನ ಕೂಸಿಗೆ ಎದೆಹಾಲು ಬಿಟ್ಟು ನೀರು ಕುಡಿಸಬಾರದೆನ್ನುವುದಕ್ಕೆ ಇದೂ ಒಂದು ಕಾರಣ.

ಬಿಸಿಲಲ್ಲಿ ದುಡಿಯುವವರ ಸಂಗತಿ ಬೇರೆ. ಒಂದು ಲೀಟರ್ ಬೆವರಿನಲ್ಲಿ ಒಂದರಿಂದ ನಾಲ್ಕು ಗ್ರಾಂ ಉಪ್ಪು ಹೋಗುತ್ತದೆ. ಇಂಗ್ಲೆಂಡಿನ ಆಳದ ಕಲ್ಲಿದ್ದಲು ಗಣಿಗಳಲ್ಲಿ ಬರೀ ನೀರು ಕುಡಿಯುತ್ತಿದ್ದ ಕಾರ್ಮಿಕರ ಕೈಕಾಲು ಹಿಡಿದುಕೊಳ್ಳುತ್ತಿದ್ದದ್ದು, ನೀರಿಗೆ ಉಪ್ಪು ಬೆರೆಸಿದಾಗ ನಿಂತದ್ದು 1920ರ ದಶಕದಲ್ಲೇ ದಾಖಲಾಗಿದೆ. ರಾಯಚೂರು, ಕಲಬುರಗಿಯ ಏಪ್ರಿಲ್ ಬಿಸಿಲಿನಲ್ಲಿ ಹೊಲದಲ್ಲೋ ಇಟ್ಟಿಗೆ ಗೂಡಿನಲ್ಲೋ ದಿನವಿಡೀ ನಿಂತವರಿಗೆ ಉಪ್ಪು ಹಾಕಿದ ಮಜ್ಜಿಗೆ ಸರಿಯಾದ ಪಾನೀಯ: ಸೋಡಿಯಂ, ಪೊಟ್ಯಾಶಿಯಂ, ತುಸು ಸಕ್ಕರೆ ಎಲ್ಲ ಅದರಲ್ಲಿದೆ. ಕೂಲಿ ಮಾಡಿಸುವವರು ನೆರಳಿನ ಜೊತೆಗೆ ಇದನ್ನೂ ಒದಗಿಸುವುದು ಉಪಕಾರವಲ್ಲ, ಕರ್ತವ್ಯ.

ಫ್ಯಾನಿನ ಕೆಳಗೆ ಕೂತು ಕೆಲಸ ಮಾಡುವ ನಮಗೆ ಇದಾವುದೂ ಬೇಕಿಲ್ಲ. ಬೆಳಗೆದ್ದು ನೀರಿಗೆ ಚಿಟಿಕೆ ಗುಲಾಬಿ ಉಪ್ಪು ಬೆರೆಸಿ ಕುಡಿದರೆ ‘ಹೈಡ್ರೇಶನ್’ ಚೆನ್ನಾಗಿ ಆಗುತ್ತದೆಂಬ ವಿಡಿಯೊಗಳು ಈಗ ಓಡಾಡುತ್ತಿವೆ. ಆ ಉಪ್ಪಿನಲ್ಲೂ ಬಹುಪಾಲು ಇರುವುದು ಸೋಡಿಯಂ ಕ್ಲೋರೈಡೇ. ಅಯೋಡಿನ್ ಮಾತ್ರ ಸಾಮಾನ್ಯವಾಗಿ ಇರುವುದಿಲ್ಲ. ಭಾರತೀಯರು ದಿನಕ್ಕೆ ಸರಾಸರಿ 8ರಿಂದ 11 ಗ್ರಾಂ ಉಪ್ಪು ತಿನ್ನುತ್ತೇವೆ ಎನ್ನುತ್ತವೆ ಅಧ್ಯಯನಗಳು. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ 5 ಗ್ರಾಂ, ಅಂದರೆ ಒಂದು ಸಣ್ಣ ಚಮಚ. ಭೇದಿಯ ಕೂಸಿನಲ್ಲಿ ನೀರನ್ನು ಹಿಡಿದಿಟ್ಟು ಜೀವ ಉಳಿಸುವ ಸೋಡಿಯಂ, ಐವತ್ತು ದಾಟಿದವರಲ್ಲೂ ಅದೇ ಕೆಲಸ ಮಾಡುತ್ತದೆ: ನೀರನ್ನು ಹಿಡಿದಿಡುತ್ತದೆ. ರಕ್ತದ ಪ್ರಮಾಣ ಏರುತ್ತದೆ, ಹೆಚ್ಚಿನ ಉಪ್ಪನ್ನು ಹೊರದಬ್ಬಲು ಮೂತ್ರಪಿಂಡಕ್ಕೆ ಹೆಚ್ಚಿನ ಒತ್ತಡ ಬೇಕಾಗುತ್ತದೆ, ವರ್ಷಗಳು ಉರುಳಿದಂತೆ ಆ ಒತ್ತಡ ಕಾಯಂ ಆಗುತ್ತದೆ. ಬ್ರೆಜಿಲ್ ಕಾಡಿನ ಯಾನೊಮಾಮಿ ಜನ ತಿನ್ನುವ ಉಪ್ಪು ದಿನಕ್ಕೆ ಒಂದು ಗ್ರಾಂಗಿಂತಲೂ ಕಡಿಮೆ. ವಯಸ್ಸಾದಂತೆ ಬಿಪಿ ಏರುವುದು ಸಹಜವೆಂದು ನಾವು ತಿಳಿದಿದ್ದೇವೆ, ಅವರಲ್ಲಿ ಅದು ಏರುವುದೇ ಇಲ್ಲ ಎಂದು 52 ಕೇಂದ್ರಗಳಲ್ಲಿ ನಡೆದ 1988ರ ಇಂಟರ್‌ಸಾಲ್ಟ್ ಅಧ್ಯಯನ ಕಂಡಿತು.

ಚೀನಾದ 600 ಹಳ್ಳಿಗಳಲ್ಲಿ ಸುಮಾರು 21 ಸಾವಿರ ಜನರ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಬಂತು. ಉಪ್ಪಿನಲ್ಲಿ ಕಾಲು ಭಾಗ ಸೋಡಿಯಂ ಕ್ಲೋರೈಡ್ ತೆಗೆದು ಪೊಟ್ಯಾಶಿಯಂ ಕ್ಲೋರೈಡ್ ಹಾಕಿದ್ದಷ್ಟೇ ಬದಲಾವಣೆ. ಪಾರ್ಶ್ವವಾಯು ನೂರಕ್ಕೆ 14ರಷ್ಟು ಕಡಿಮೆಯಾಯಿತು. ಮೂತ್ರಪಿಂಡದ ಕಾಯಿಲೆ ಇರುವವರು, ಪೊಟ್ಯಾಶಿಯಂ ಏರಿಸುವ ಬಿಪಿ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಇಂಥ ಉಪ್ಪು ಬಳಸಬಾರದು. ಉಳಿದವರು ಹಪ್ಪಳ, ಉಪ್ಪಿನಕಾಯಿ, ಚಿಪ್ಸು, ಬೇಕರಿ ತಿನಿಸುಗಳಿಂದ ಕಡಿತ ಶುರು ಮಾಡಬಹುದು.

ಓದುಗರಲ್ಲಿ ನನ್ನದೊಂದು ಕೋರಿಕೆ. ಮನೆಯಲ್ಲಿ ಓಆರ್‌ಎಸ್‌ನ ಎರಡು ಪೊಟ್ಟಣ ಸದಾ ಇರಲಿ. ಆಶಾ ಕಾರ್ಯಕರ್ತೆಯರ ಬಳಿ ಉಚಿತವಾಗಿ ಸಿಗುತ್ತದೆ. ಪೊಟ್ಟಣದ ಮೇಲೆ ಬರೆದಷ್ಟೇ ನೀರಿಗೆ ಇಡೀ ಪುಡಿ ಬೆರೆಸಿ, ಕಾಲು ಪೊಟ್ಟಣ ಲೋಟಕ್ಕೆ ಹಾಕುವ ಅಂದಾಜು ಬೇಡ. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು, ಎರಡೂ ಮಟ್ಟಸವಾಗಿ. ಕುಡಿಸುವ ಮೊದಲು ನೀವೇ ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದು ಮಾಡಿ. ಮಗು ವಾಂತಿ ಮಾಡಿಕೊಂಡರೆ ಹತ್ತು ನಿಮಿಷ ಬಿಟ್ಟು ಚಮಚ ಚಮಚವಾಗಿ ಮತ್ತೆ ಕೊಡಿ. ಎದೆಹಾಲು, ಊಟ ನಿಲ್ಲಿಸಬೇಡಿ. ಮಗು ಮಂಕಾಗಿ ಮಲಗಿದರೆ, ಕುಡಿಯಲಾಗದಿದ್ದರೆ, ಆರು ಗಂಟೆ ಮೂತ್ರ ಹೋಗದಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೊರಡಿ, ದಾರಿಯಲ್ಲೂ ಕುಡಿಸುತ್ತಲೇ ಇರಿ. ಬೆರೆಸಿದ ದ್ರಾವಣವನ್ನು 24 ಗಂಟೆಗಿಂತ ಹೆಚ್ಚು ಇಡಬೇಡಿ.